ಬದಲುಗಿವಿ

ಕ್ಯಾನ್ಸರ್ ವೈದ್ಯರ ಸಂಶೋಧನಾ ತರಬೇತಿ ವಿಭಾಗ,
ಮುದಗಲ್ಲು ವಿಶ್ವವಿದ್ಯಾಲಯ.
ಕಾವುದಿಂಗಳು ೪೧, ಹೊಸ ಎಣಿಕೆಯ ೧೧೮ನೇ ವರ್ಷ.

ನಿಮ್ಮ ಕಾಲದಲ್ಲಿ ಇದೇ ಕೆಲಸ ಮಾಡುತ್ತಿರುವವರಿಗೆ,

ಮೇಲಿನ ತಾರೀಕು ಕೈತಪ್ಪಿ ಬರೆದದ್ದಲ್ಲ. ನಿಮ್ಮ ಏಪ್ರಿಲ್ ಮತ್ತು ಮೇ ಎರಡನ್ನೂ ಕೂಡಿಸಿ ನಾವು ಕಾವುದಿಂಗಳು ಎನ್ನುತ್ತೇವೆ. ಇನ್ನೂ ಕೆಲವು ಮಾತುಗಳು ನಿಮಗೆ ಒರಟಾಗಿ ಕೇಳಬಹುದು, ಕ್ಷಮಿಸಿ. ನಿಮ್ಮ ಮಾತುಗಳೂ ನಮಗೆ ಹಾಗೆಯೇ ಕೇಳುತ್ತವೆ. ಅಂಥ ಒಂದು ಮಾತಿನ ಸಲುವಾಗಿಯೇ ಈ ಕಾಗದ.

ನನ್ನ ಹೆಸರು ಕಾಶೀಬಾಯಿ ಮಸ್ಕಿ, ವಯಸ್ಸು ಇಪ್ಪತ್ಮೂರು. ಕ್ಯಾನ್ಸರ್ ತಜ್ಞರು ಸಂಶೋಧನೆ ಕಲಿಯಲೆಂದು ಕೊಡುವ ಅನುದಾನಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೌದು, ಕ್ಯಾನ್ಸರ್ ಇನ್ನೂ ಇದೆ. ಕೆಲವು ಬಗೆಯವು ಹೋಗಿವೆ, ಬಾಯಿಯದು ಹೋಗಿಲ್ಲ. ಕಾವುದಿಂಗಳಲ್ಲಿ ನಮ್ಮ ಕಚೇರಿ ಹೊತ್ತು ಮೂಡುವ ಮೊದಲೇ ತೆರೆದು ಹತ್ತು ಗಂಟೆಗೆ ಮುಚ್ಚುತ್ತದೆ. ಆಮೇಲೆ ಬಿಸಿಲಿನ ಕಾವಿಗೆ ಎಲ್ಲರೂ ನೆಲದಡಿಯ ಪಡಸಾಲೆಗಳಿಗೆ ಇಳಿಯುತ್ತಾರೆ. ಆಸ್ಪತ್ರೆಯ ರೋಗಿಗಳ ಸಾಲು ಇಡೀ ದಿನ ಅಲ್ಲಿಯೇ ಕೂರುತ್ತದೆ. ಉದ್ದನೆಯ ಕಲ್ಲುಕಟ್ಟೆ, ಪಕ್ಕದಲ್ಲಿ ನೀರು ತುಂಬಿದ ಮಣ್ಣಿನ ಹರವಿಗಳು, ಹಸಿ ಗೋಡೆಗೆ ಬೆನ್ನು ಕೊಟ್ಟ ಜನ. ರೊಟ್ಟಿಯ ಗಂಟು ಬಿಚ್ಚಿದರೆ ಪಕ್ಕದವರಿಗೆ ಒಂದು ತುಣುಕು ಹೋಗಲೇಬೇಕು.

ತರಬೇತಿಗೆ ಆಯ್ಕೆಯಾದ ವೈದ್ಯರು ವಾರದ ಬಹುಪಾಲು ದಿನ ರೋಗಿಗಳನ್ನು ನೋಡುವ ಕೆಲಸದಿಂದ ಬಿಡುವು ಪಡೆಯಬೇಕು ಎಂಬುದು ನಿಮ್ಮ ಕಾಲದ ನಿಯಮ. ನಾನು ಅದನ್ನು ದೂರುವುದಿಲ್ಲ. ಯೋಚಿಸಲು ಹೊತ್ತಿಲ್ಲದ ವೈದ್ಯರು ಹೊಸದನ್ನು ಹುಡುಕಲಾರರು. ಆದರೆ ನಾನು ಓದಿದ ಒಂದು ಹಳೆಯ ಕಿರುಹೊತ್ತಿಗೆಯಲ್ಲಿ ನಿಮ್ಮ ಕಾಲದ ಒಂದು ಆಸ್ಪತ್ರೆಯ ಬಾಗಿಲಿನ ಮಾತು ಇದೆ. ಊರು, ಹೆಸರು ಹೇಳಿಲ್ಲ. ಬಾಗಿಲಿಗೆ ಅಂಟಿಸಿದ್ದ ಪ್ರಕಟಣೆ ಇಷ್ಟೇ: ‘ಡಾಕ್ಟರರ ಬಿಡುಗಡೆ ಆಗಿದೆ.’ ಅನುದಾನದ ಹಣ ಬಂದರೂ ನಿಮಗೆ ಬಿಡುಗಡೆ, ರೋಗಿಯನ್ನು ಮನೆಗೆ ಕಳಿಸಿದರೂ ಬಿಡುಗಡೆ, ವೈದ್ಯರು ಸಂಶೋಧನೆಗೆ ಹೋದರೂ ಬಿಡುಗಡೆ. ದೂರದಿಂದ ಬಂದವರು ಯಾರೋ ಅದರ ಕೆಳಗೆ ಇದ್ದಿಲಿನಲ್ಲಿ ಬರೆದರಂತೆ: ‘ಅವ್ರಿಗಾತು. ನಮಗ ಯಾವಾಗ?’

ಆ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ನಮ್ಮ ಸಾಲಪ್ಪಣೆ. ಸಾಲಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾಲಿನಲ್ಲಿ ಕೂತವರ ಅಪ್ಪಣೆ ಎಂದು ಅರ್ಥ. ಅನುದಾನ ಪಡೆದ ವೈದ್ಯರು ತಮ್ಮ ರೋಗಿಗಳ ಮುಂದೆ ನಿಂತು, ಹೋಗಿಬರಲೇ ಎಂದು ಕೇಳಬೇಕು. ಅವರ ಜಾಗದಲ್ಲಿ ಕೂತು ರೋಗಿಗಳ ಮಾತು ಕೇಳುವ ವೈದ್ಯರನ್ನು ಬದಲುಗಿವಿ ಎನ್ನುತ್ತೇವೆ. ಬದಲುಗಿವಿಯನ್ನು ಒಬ್ಬ ರೋಗಿ ಒಪ್ಪದಿದ್ದರೂ ವೈದ್ಯರು ಹೊರಡುವಂತಿಲ್ಲ.

ಈ ವರ್ಷ ಡಾ. ಸಾಬವ್ವ ತಳವಾರ ಆಯ್ಕೆಯಾದರು. ಶಸ್ತ್ರಚಿಕಿತ್ಸೆಯ ನಂತರ ಬಾಯಿಯ ಕ್ಯಾನ್ಸರ್ ಮರಳುವುದಾದರೆ, ಗಂಟು ಕಾಣುವ ಮೊದಲೇ ಅದನ್ನು ಎಂಜಲಿನಲ್ಲಿ ಗುರುತಿಸಬಹುದು ಎಂಬುದು ಅವರ ಎಣಿಕೆ. ಅದು ನಿಜವಾದರೆ ಬದುಕುವವರು ಬಹಳ. ಕಾವುದಿಂಗಳ ಮೊದಲ ವಾರ ಅವರು ಸಾಲಿನ ಮುಂದೆ ನಿಂತರು. “ಎರಡು ವರ್ಷ ನಾ ವಾರಕ್ಕ ಒಂದ ದಿನ ಅಷ್ಟ ಸಿಗ್ತೀನಿ. ಉಳಿದ ದಿನ ಡಾಕ್ಟರ್ ಈರಪ್ಪ ಇರ್ತಾರ. ಹೋಗಿ ಬರ್ಲೇನ್ರಿ?” ಎಂದರು. ಕೈಗಳು ಎದ್ದವು. “ಹೋಗಿ ಬರ್ರಿ, ಬರೂಮುಂದ ಬರಿಗೈಲೆ ಬರಬ್ಯಾಡ್ರಿ ಮತ್ತ,” ಎಂದು ಒಬ್ಬ ಮುದುಕ ನಗಿಸಿದ.

ಮಾಬೂಬಿ ಕೈ ಎತ್ತಲಿಲ್ಲ. ಆಕೆ ಬಳೆ ಮಾರುವವಳು, ಮಾತೇ ಆಕೆಯ ವ್ಯಾಪಾರ. ರೋಗ ಬಂದು ಅರ್ಧ ನಾಲಿಗೆ ತೆಗೆದಿದ್ದಾರೆ. ಆಕೆ ಹೇಳಿದ್ದು ನನಗೆ ತಿಳಿಯಲಿಲ್ಲ. ಡಾ. ಸಾಬವ್ವ ತಿಳಿಸಿದರು: “ಈರಪ್ಪನ ಮುಂದ ನಾ ಮೂಕಿ ಆಗ್ತೀನಿ ಅಂತಾಳ.”

ಕಾವುದಿಂಗಳು ಮುಗಿಯುವುದರೊಳಗೆ ಅಪ್ಪಣೆ ಸಿಗದಿದ್ದರೆ ಅನುದಾನ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಡಾ. ಸಾಬವ್ವನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆದೇಶ ಬರೆಯುವವಳು ನಾನಾದ್ದರಿಂದ ನಮ್ಮ ಕುಲಸಚಿವ ಶಂಕ್ರಗೌಡರು ನನ್ನನ್ನು ಕರೆಸಿದರು. “ಒಬ್ಬಾಕಿ ಸಲುವಾಗಿ ಸಾವಿರ ಮಂದಿ ಜೀವ ಉಳಿಸೂ ಕೆಲಸ ನಿಲ್ಲಸ್ತೀಯೇನವಾ?”

“ಸಾವಿರ ಮಂದಿ ಅಂದ್ರ ಒಬ್ಬಾಕಿನ ಸಾವಿರ ಸಲ ಅಲ್ಲೇನ್ರೀ ಸರ್?” ಎಂದೆ.

“ಆ ಹೊತ್ತಿಗಿ ಓದಿ ಓದಿ ಕೆಟ್ಟಿ ನೀ,” ಎಂದು ಅವರು ಫ್ಯಾನಿನ ಕಡೆ ತಿರುಗಿ ಕೂತರು.

ಡಾ. ಸಾಬವ್ವನಿಗೂ ತಳಮಳ ಇತ್ತು. “ನನಗ ಹೋಗಬೇಕಾಗೇದ ಕಾಶೀ. ಆದ್ರ ಆಕಿ ಹೇಳಿದ್ದು ಸುಳ್ಳಲ್ಲ,” ಎಂದರು. ಮರುದಿನದಿಂದಲೇ ಈರಪ್ಪ ಸಾಬವ್ವನವರ ಪಕ್ಕ ಕೂತು ಮಾಬೂಬಿಯ ಮಾತು ಕಲಿಯತೊಡಗಿದರು. ಮೊದಮೊದಲು ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು. ಆಕೆ ನೋವು ಎಂದರೆ ಇವರು ನೀರು ತರಿಸಿದರು. ಪಾಪ, ಆಕೆ ಅದನ್ನು ಕುಡಿದಳು. ದಿನ ಕಳೆದಂತೆ ಈರಪ್ಪ ಹೂಂ ಎನ್ನುವುದನ್ನು ಬಿಟ್ಟು, ತಿಳಿಯದಿದ್ದಾಗ “ಇನ್ನೊಮ್ಮೆ ಹೇಳ್ರಿ ಅವ್ವಾ” ಎನ್ನಲು ಕಲಿತರು. ನನ್ನ ಪ್ರಕಾರ ಕಲಿಕೆ ಶುರುವಾದದ್ದು ಅಲ್ಲಿಂದ.

ಈ ಬೆಳಿಗ್ಗೆ ಮಾಬೂಬಿ ಈರಪ್ಪನವರ ಮುಖ ನೋಡುತ್ತ ಏನೋ ಉದ್ದವಾಗಿ ಹೇಳಿದಳು. ಡಾ. ಸಾಬವ್ವ ತುಟಿ ಬಿಗಿದು ಕೂತಿದ್ದರು, ಬದಲುಗಿವಿಯನ್ನು ಪರೀಕ್ಷಿಸುವಾಗ ತಿಳಿಸಿಕೊಡಬಾರದೆಂಬುದು ನಿಯಮ. ಈರಪ್ಪ ಕೆಂಪಗಾಗಿ, ತಮ್ಮ ಅಗಲವಾದ ಕಿವಿಗಳೆರಡನ್ನೂ ಹಿಡಿದುಕೊಂಡರು. “ಕಿವಿ ನೋಡಿದ್ರ ಮೊರದಂಗ ಅದಾವ, ಕಾಳು ಮಾತ್ರ ಒಂದೂ ನಿಲ್ಲವಲ್ದು ಅಂದ್ರಿ. ಹೌದಲ್ಲೇನ್ರಿ ಅವ್ವಾ?”

ಸಾಲು ನಕ್ಕಿತು. ಮಾಬೂಬಿ ಕೈ ಎತ್ತಿದಳು.

ಆಮೇಲೆ ಆಕೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ಅದು ನನಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಈರಪ್ಪನವರಿಗೆ ತಿಳಿಯಿತು. ಅವರು ನಗು ನಿಲ್ಲಿಸಿ, ಆಕೆಯ ದವಡೆಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದರು.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಅನುದಾನ ನಿಲ್ಲಿಸಬೇಡಿ, ಇನ್ನೂ ಹೆಚ್ಚು ವೈದ್ಯರಿಗೆ ಕೊಡಿ. ಆದರೆ ಬಿಡುಗಡೆ ಎಂದು ಬರೆದು ಬಾಗಿಲಿಗೆ ಅಂಟಿಸುವ ಮೊದಲು ಆ ಬಾಗಿಲು ತೆರೆದು, ಹೊರಗೆ ಕೂತವರನ್ನು ಒಂದು ಮಾತು ಕೇಳಿ. ಅವರು ಬೇಡ ಎಂದಾರೆಂಬ ಹೆದರಿಕೆ ನಿಮಗಿರಬಹುದು. ಎನ್ನಲಿ. ಏಕೆ ಬೇಡ ಎನ್ನುತ್ತಾರೆಂದು ತಿಳಿಯುವುದೂ ಸಂಶೋಧನೆಯೇ.

ಹತ್ತು ಗಂಟೆ ಆಗುತ್ತ ಬಂತು, ಗೋಡೆ ಕಾದು ಬಿಸಿಯಾಗುತ್ತಿದೆ, ಕೆಳಗೆ ಇಳಿಯಬೇಕು. ಡಾ. ಸಾಬವ್ವ ತಳವಾರರ ಆದೇಶ ಈಗಷ್ಟೇ ಬರೆದೆ. ನಿಮ್ಮ ಕಾಲದ ಆದೇಶಗಳಲ್ಲಿ ಇಲ್ಲದ ಒಂದು ಸಾಲು ನಮ್ಮದರಲ್ಲಿ ಕೊನೆಗೆ ಇರುತ್ತದೆ. ಅದನ್ನು ಇಲ್ಲಿ ನಕಲು ಮಾಡಿ ಕಾಗದ ಮುಗಿಸುತ್ತೇನೆ.

ಬಿಟ್ಟುಕೊಟ್ಟವರು: ಮಾಬೂಬಿ, ಬಳೆಗಾರ್ತಿ, ಮತ್ತು ಸಾಲಿನವರು.