ಟೋಪಿ ಹುಡುಕಬೇಡಿ

ರೀ,

ಹುಳಿ ಫ್ರಿಜ್ಜಲ್ಲಿದೆ. ಬಿಸಿ ಮಾಡ್ಕೊಂಡು ಕೂತು ತಿನ್ನಿ. ಡ್ರೈವ್‌ವೇಲಿ ಐಸ್ ಕಟ್ಟಿದೆ, ಉಪ್ಪು ಹಾಕಿ, ಬೆಳಿಗ್ಗೆ ನಾನು ಜಾರಿ ಬೀಳೋದರಲ್ಲಿದ್ದೆ. ಡ್ಯೂಟಿ ಮುಗಿಸಿ ನಾನು ಹಾಗೇ ಸ್ಕೂಲಿಗೆ ಹೋಗ್ತೀನಿ.

ನಿಮ್ಮ ಕಪ್ಪು ಟೋಪಿ ಹುಡುಕಬೇಡಿ, ಇಂಚರ ಸ್ಕೂಲ್ ನಾಟಕಕ್ಕೆ ತಗೊಂಡು ಹೋಗಿದಾಳೆ. ಹಿಂದೆ ಇಂಗ್ಲೆಂಡಲ್ಲಿ ಕ್ವೇಕರ್ ಪಂಗಡದವರು ದೇವರಿಗೆ ಬಿಟ್ಟು ಇನ್ಯಾರಿಗೂ ಟೋಪಿ ತೆಗೀತಿರಲಿಲ್ಲವಂತೆ. ಅದಕ್ಕೇ ಅವರನ್ನ ಜೈಲಿಗೆ ಹಾಕ್ತಿದ್ದರಂತೆ. ನಾಟಕ ಅವರದೇ ಕಥೆ. ಲವ್ ಸೀನ್ ಯಾಕೆ ಬೇಕು ಅಂತ ಕೂಗಾಡಿದಿರಲ್ಲ, ನಿನ್ನೆ ರಿಹರ್ಸಲಲ್ಲಿ ಅದನ್ನ ನೋಡಿದೆ. ಕೈ ಕೂಡ ಹಿಡಿಯಲ್ಲ ರೀ! ಕೋರ್ಟಲ್ಲಿ ಕಾವಲಿನವನು ಇಂಚರನ ಪಾತ್ರ ಪ್ರೀತಿಸೋ ಹುಡುಗನ ಟೋಪಿ ಹೊಡೆದು ಬೀಳಿಸ್ತಾನೆ. ಅದನ್ನ ಮುಟ್ಟಿದವರಿಗೂ ಜೈಲು ಅಂತಾನೆ ಜಡ್ಜು. ನಮ್ಮ ಇಂಚರ ಗುಂಪಿನಿಂದ ಎದ್ದು ಬಂದು, ಟೋಪಿ ಎತ್ಕೊಂಡು, ಧೂಳು ಕೊಡವಿ, ಮೆಲ್ಲಗೆ ಅವನ ತಲೆ ಮೇಲಿಡ್ತಾಳೆ. ಒಂದು ಮಾತಿಲ್ಲ. ತಟ್ಟೆ ಎತ್ತಿಡು ಅಂದ್ರೆ ಹತ್ತು ಮಾತಾಡೋ ಹುಡುಗಿ, ಇಷ್ಟು ಧೈರ್ಯ, ಇಷ್ಟು ಪ್ರೀತಿ ಎಲ್ಲಿಂದ ತಂದಳೋ!

ನಮ್ಮ ಕ್ಯಾಂಟನ್ ಊರಿನ ಕನ್ನಡದವರೆಲ್ಲ ಬರ್ತಾರೆ, ಕೆಲಸದ ವಿಷಯ ಕೇಳ್ತಾರೆ ಅಂತ ಇವತ್ತೂ ಮನೇಲಿ ಕೂತ್ಕೋಬೇಡಿ. ಏಳು ಗಂಟೆಗೆ ಶುರು. ಮುಂದಿನ ಸಾಲಲ್ಲಿ ಜಾಗ ಹಿಡಿದಿರ್ತೀನಿ.

ಆ ಧೂಳು ಕೊಡವೋದನ್ನ ಯಾರು ಹೇಳಿಕೊಟ್ಟರೇ ಅಂತ ಕೇಳಿದೆ. "ಲೇಆಫ್ ಆಗಿ ಕೆಲಸ ಹೋದ ದಿನ ಅಪ್ಪ ಟೋಪೀನ ಗರಾಜಲ್ಲಿ ಬಿಸಾಕಿದ್ರಲ್ಲ, ನೀನು ಹೀಗೇ ಕೊಡವಿ ಅವರ ತಲೆ ಮೇಲಿಟ್ಟೆ. ನಾನು ನೋಡ್ತಿದ್ದೆ ಅಮ್ಮ" ಅಂದಳು.

ಪದ್ಮ