ಎಣ್ಣೆ ಕುಡಿಯದ ಮಣ್ಣು

ದೇರೆಬೈಲ್, ಕೆಡ್ಡಸದ ಕೊನೆಯ ದಿನ, ೧೯೩೮

ಅಕ್ಕು,

ನಿನಗೆ ಓದು ಬಾರದು. ಬಂದಿದ್ದರೂ ನೀನು ಹೋದ ಲೋಕಕ್ಕೆ ಅಂಚೆಯಿಲ್ಲ. ಆದರೂ ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಕೆಡ್ಡಸದಲ್ಲಿ ಭೂಮಿತಾಯಿ ಮುಟ್ಟಾಗಿದ್ದಾಳೆಂದು ಮೂರು ದಿನ ನಾವು ಹಾರೆ ಹಿಡಿಯಲಿಲ್ಲ. ಇವತ್ತು ಬೆಳಿಗ್ಗೆ ಅವಳ ಸ್ನಾನಕ್ಕೆಂದು ಗದ್ದೆಗೆ ಹೋಗಿ ಎಣ್ಣೆ ಎರೆದೆ. ಮೊದಲೆಲ್ಲ ಎರೆಯುತ್ತಿದ್ದಂತೆ ಇಂಗುತ್ತಿತ್ತು. ಇವತ್ತು ಹೆಂಚಿನ ಮೇಲೆ ಸುರಿದ ಹಾಗೆ ಜಾರಿ ಹೋಯಿತು.

ಎಣ್ಣೆ ತೆಗೆದು ಉಳಿದ ಬೂತಾಯಿ ಮೀನನ್ನು ಗದ್ದೆಯ ಗೊಬ್ಬರಕ್ಕೆಂದು ನೀನು ಕಡಲಕರೆಯಿಂದ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದೆ. ನಮ್ಮ ಒಲೆಯ ಬೂದಿ, ಸೊಪ್ಪಿನ ಜೊತೆ ಅದನ್ನು ಕಲಸುತ್ತಾ, "ಮಣ್ಣಿಗೂ ಹಸಿವು ಉಂಟು ಮಾರಾಯ್ತಿ" ಎಂದು ನಗುತ್ತಿದ್ದೆ. ಆಗ ಈ ಗದ್ದೆಗೆ ಕಾಲಿಟ್ಟರೆ ಹೂತುಹೋಗುತ್ತಿತ್ತು.

ನನ್ನನ್ನು ನೋಡಲು ಗಂಡಿನವರು ಬರುವ ದಿನ, ಮನೆಯೆಲ್ಲ ನಾರುತ್ತದೆಂದು ನನ್ನಣ್ಣ ನೋಣಯ್ಯ ನಿನ್ನನ್ನು ಗೇಟಿನಿಂದಲೇ ತಿರುಗಿ ಕಳಿಸಿದ. ಗಂಡಿನವರು ಬಂದು ಹೋದರು, ಅಷ್ಟೆ. ನೀನು ಮತ್ತೆ ಬರಲಿಲ್ಲ. ಅಂಗಡಿಯ ಬಿಳಿ ಗೊಬ್ಬರ ಬಂತು. ಅದಕ್ಕೆ ವಾಸನೆಯೇ ಇಲ್ಲ. ಗದ್ದೆಯಲ್ಲಿ ಈಗ ಎರೆಹುಳವೂ ಇಲ್ಲ.

ಇವತ್ತು ಅಣ್ಣ ಗದ್ದೆಯ ಒಂದು ಹೆಂಟೆ ಎತ್ತಿ ಹಿಡಿದು, "ಎಂತ ಆಯ್ತು ದೇಯಿ ಈ ಮಣ್ಣಿಗೆ?" ಎಂದು ಕೇಳಿದ.

ನಾನು ಉತ್ತರ ಕೊಡಲಿಲ್ಲ. ಅಂದು ಗೇಟಿನಾಚೆ ನಿಂತು ನೀನು ನನ್ನ ಮುಖ ನೋಡಿದಾಗಲೂ ಕೊಟ್ಟಿರಲಿಲ್ಲ.