ಕೆಂಚನ ತಲೆಯೊಳಗಿನ ಸಸಿಮಡಿ

ಗಾವಡಗೆರೆ
೧೨-೮-೧೯೫೬

ಚಿ. ಸೌ. ನೀಲಾಂಬಿಕೆಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ. ಇಲ್ಲಿ ನಾವು ಕ್ಷೇಮ. ಭೇರ್ಯದಲ್ಲಿ ಅಳಿಯಂದಿರು, ಬೀಗರು ಹೇಗಿದ್ದಾರೆ? ಕಾಗದ ತಡವಾಯಿತೆಂದು ಕೋಪ ಬೇಡ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಮಣ್ಣು ಹೊತ್ತವನ ಕೈಗೆ ನೇಗಿಲಿಗಿಂತ ಲೇಖನಿಯೇ ಭಾರ.

ಕೆಟ್ಟ ಸುದ್ದಿ ಮೊದಲು ಹೇಳಿಬಿಡುತ್ತೇನೆ ಮಗಳೇ. ನೀನು ಸಾಕಿದ ನಾಯಿ ಕೆಂಚ ಈಗಿಲ್ಲ. ಪಕ್ಕದ ಮನೆ ಮುದ್ದಯ್ಯನ ಮಗಳು ಪುಟ್ಟಲಕ್ಷ್ಮಿಯ ಕಾಲು ಕಚ್ಚಿಬಿಟ್ಟ. ಹುಚ್ಚು ಹಿಡಿದಿದೆ ಎಂದು ಬೀದಿಗೆ ಬೀದಿಯೇ ನಡುಗಿತು. ಮಗುವನ್ನು ಮೈಸೂರಿಗೆ ಒಯ್ದು ಹೊಟ್ಟೆಗೆ ಸೂಜಿ ಶುರು ಮಾಡಿಸಿದರು. ನಾಯಿಯ ಮಿದುಳು ನೋಡಿದರೆ ರೋಗ ತಿಳಿಯುತ್ತದೆ, ಆದರೆ ತಲೆ ಜಜ್ಜಬಾರದು ಎಂದು ಎದುರು ಮನೆ ಶಿವನಂಜಪ್ಪ ಎಲ್ಲೋ ಕೇಳಿಬಂದದ್ದನ್ನು ಹೇಳಿದ. ಹಾಗೆಯೇ ಕೊಂದು ತಲೆ ಬೇರೆ ಮಾಡಿದೆವು. ಇರುವೆ ಕಂಡರೂ ದಾಟಿ ನಡೆಯುವ ನಾನು ಆ ತಲೆಯನ್ನು ಗಡಿಗೆಯಲ್ಲಿಟ್ಟು ಬಾಯಿ ಕಟ್ಟಿ ಮೈಸೂರಿನ ಬಸ್ಸು ಹತ್ತಿದೆ. ಏನದು ಎಂದ ಕಂಡಕ್ಟರಿಗೆ, ಬೀಗರ ಮನೆಗೆ ಕುಂಬಳಕಾಯಿ ಎಂದೆ.

ಆಸ್ಪತ್ರೆಯ ಡಾಕ್ಟರು ಮಿದುಳಿನ ಚೂರನ್ನು ಗಾಜಿಗೆ ಒತ್ತಿ, ಬಣ್ಣ ಹಾಕಿ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿದರು. ಬಾಗಿಲಲ್ಲೇ ನಿಂತಿದ್ದ ನನ್ನನ್ನೂ ಕರೆದು ಇಣುಕಲು ಬಿಟ್ಟರು. ಹೇಗೆ ಹೇಳಲಿ, ಬೆಳಗಾಗುವ ಹೊತ್ತಿನ ಗುಲಾಬಿ ಮಂಜು. ಅದರೊಳಗೆ ನೇರಳೆ ಬಣ್ಣದವು, ಸಸಿಮಡಿಯಿಂದ ಕಿತ್ತ ಹೊಗೆಸೊಪ್ಪಿನ ಸಸಿಗಳಂತೆ ಬೇರು ಚಾಚಿಕೊಂಡು ತೇಲುತ್ತಿದ್ದವು. ಸದ್ದಿಲ್ಲ, ಗಾಳಿಯಿಲ್ಲ. ಕೆಂಚ ಅಟ್ಟಿದ ಮೊಲ, ನಿನ್ನ ಲಂಗದ ಅಂಚು, ನಮ್ಮ ಜಗಲಿಯ ಬಿಸಿಲು ಎಲ್ಲ ಅಲ್ಲೇ ಎಲ್ಲೋ ಮಲಗಿರಬೇಕು ಅನ್ನಿಸಿತು. ನನ್ನ ಮೈಯೂ ಹಗುರಾಗಿ ಅದರೊಳಗೆ ಇಳಿದಂತಾಯಿತು.

ರೋಗವಿದ್ದರೆ ಆ ಸಸಿಗಳ ಒಳಗೆ ಕೆಂಪು ಚುಕ್ಕಿ ಕಾಣುತ್ತದಂತೆ. ಎಷ್ಟು ಗಾಜು ನೋಡಿದರೂ ಒಂದೂ ಸಿಗಲಿಲ್ಲ.

"ಸೂಜಿ ನಿಲ್ಲಿಸಬಹುದು. ಆದ್ರೆ ಯಾಕ್ರೀ ಕೊಂದ್ರಿ? ಹತ್ತು ದಿನ ಕಟ್ಟಿಹಾಕಿ ನೋಡಿದ್ರೆ ಸಾಕಾಗಿತ್ತಲ್ಲ" ಎಂದರು.

ಖಾಲಿ ಗಡಿಗೆ ಎತ್ತಿಕೊಂಡು ಬಸ್ಸಿನ ಕಡೆ ನಡೆದೆ.

ಪುಟ್ಟಲಕ್ಷ್ಮಿ ಈಗ ಬೀದಿ ತುಂಬ ಕುಣಿಯುತ್ತಾಳೆ. "ಕೂಸು ಉಳೀತು ಕಣಣ್ಣೋ" ಎಂದು ಮುದ್ದಯ್ಯ ನನ್ನ ಕೈ ಹಿಡಿದು ಅತ್ತ.

ಶಿವ ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ.

ನಿನ್ನ ಅಪ್ಪ
ಗುರುಮಲ್ಲಪ್ಪ

ತಾ.ಕ.: ತಲೆಗೆ ಪೆಟ್ಟು ತಾಗದಂತೆ ಕುತ್ತಿಗೆಗೇ ಹೊಡೆಯಬೇಕೆಂದರೆ ಕೆಂಚ ತಲೆ ತಗ್ಗಿಸಿ ನಿಲ್ಲಬೇಕಿತ್ತು. ಯಾರು ಕರೆದರೂ ಹತ್ತಿರ ಬರಲಿಲ್ಲ. ಕೊನೆಗೆ ನಿನ್ನ ಅವ್ವ ಅನ್ನದ ತಟ್ಟೆ ಇಟ್ಟು, "ಬಾ ಮಗ, ಉಣ್ಣು" ಅಂದಳು. ಬಾಲ ಆಡಿಸಿಕೊಂಡು ಬಂದ. ಅಂದಿನಿಂದ ಅವಳು ಯಾರನ್ನೂ ಊಟಕ್ಕೆ ಕರೆಯುವುದಿಲ್ಲ. ಬಡಿಸಿಟ್ಟು ಸುಮ್ಮನೆ ಒಳಗೆ ಹೋಗುತ್ತಾಳೆ. ನನ್ನ ತಮಾಷೆ ಒಂದೂ ಅವಳನ್ನು ಮುಟ್ಟುತ್ತಿಲ್ಲ. ಒಂದೆರಡು ದಿನಕ್ಕೆ ಬಂದು, ಹಸಿವಾಗ್ತದೆ, ಉಣ್ಣೋಕೆ ಕರಿ ಅಂತ ಅವಳನ್ನೇ ಕೇಳವ್ವ.